ಡಿಸ್ಕ್ ಡ್ರೈವ್ ಇನ್ನೂ ಬೇಕೆ? ಉತ್ತರ ಕಪಾಟಿನಲ್ಲಿದೆ

ಹೊಸ ಲ್ಯಾಪ್‌ಟಾಪಿನ ಅಂಚಿನುದ್ದಕ್ಕೂ ಬೆರಳಾಡಿಸಿ ನೋಡಿ. ಒತ್ತಿದೊಡನೆ ಸಿಡಿಯ ಟ್ರೇ ಹೊರಕ್ಕೆ ಜಾರಿ ಬರುತ್ತಿದ್ದ ಆ ಸಣ್ಣ ಗುಂಡಿ ಈಗ ಸಿಗುವುದಿಲ್ಲ. 2008ರಲ್ಲಿ ಆಪಲ್ ಸಂಸ್ಥೆ ಡಿಸ್ಕ್ ಡ್ರೈವ್ ಇಲ್ಲದ ಮ್ಯಾಕ್‌ಬುಕ್ ಏರ್ ಹೊರತಂದಾಗ, ಇಂಥ ಕಂಪ್ಯೂಟರಿನಲ್ಲಿ ತಂತ್ರಾಂಶ ಹಾಕುವುದು ಹೇಗೆ, ಸಿನಿಮಾ ನೋಡುವುದು ಹೇಗೆ ಎಂದು ಕೇಳಿದವರು ಅನೇಕರು. 2012ರ ಹೊತ್ತಿಗೆ ಅದೇ ಸಂಸ್ಥೆ ರೆಟಿನಾ ಪರದೆಯ ಮ್ಯಾಕ್‌ಬುಕ್ ಪ್ರೊ ಮತ್ತು ಮೇಜಿನ ಮೇಲಿಡುವ ಐಮ್ಯಾಕ್‌ಗಳಿಂದಲೂ ಡ್ರೈವನ್ನು ತೆಗೆದುಹಾಕಿತು. ಉಳಿದ ತಯಾರಕರೂ ಒಬ್ಬೊಬ್ಬರಾಗಿ ಅದೇ ದಾರಿ ಹಿಡಿದರು. ಡೆಸ್ಕ್‌ಟಾಪ್ ಪೆಟ್ಟಿಗೆಗಳ ಮುಂಭಾಗದಲ್ಲಿ ಡ್ರೈವ್ ಕೂರಿಸಲು ಇರುತ್ತಿದ್ದ ಐದೂಕಾಲು ಇಂಚಿನ ಖಾನೆಯೂ ಈಗ ಅಪರೂಪವಾಗಿದೆ.

ಹಾಗಾದರೆ ಡಿಸ್ಕ್ ಡ್ರೈವಿನ ಕೆಲಸ ಮುಗಿಯಿತೆ? ಈ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಹೊಸ ಕಂಪ್ಯೂಟರಿನ ಒಳಗೆ ಡ್ರೈವ್ ಇರಬೇಕೆ ಎಂಬುದು ಒಂದು. ಕಂಪ್ಯೂಟರ್ ಬಳಸುವವರ ಬಳಿ ಒಂದು ಡ್ರೈವ್ ಇರಬೇಕೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನಾನು ಹಿಂಜರಿಯದೆ ಬೇಡ ಎನ್ನುತ್ತೇನೆ. ಎರಡನೆಯದಕ್ಕೆ ಉತ್ತರ ಕಂಪ್ಯೂಟರಿನಲ್ಲಿಲ್ಲ, ಕಪಾಟಿನಲ್ಲಿದೆ. ಅಲ್ಲಿ ಯಾರೋ ಎಂದೋ ಬರೆದಿಟ್ಟ ಡಿಸ್ಕುಗಳು ಇದ್ದರೆ ನಿಮಗೆ ಡ್ರೈವ್ ಬೇಕು, ಅದೂ ಬೇಗ ಬೇಕು. ಏಕೆ ಬೇಗ ಎಂಬುದು ತಿಳಿಯಬೇಕಾದರೆ ಆ ಹೊಳೆಯುವ ತಟ್ಟೆಯ ಒಳಗೆ ಏನಿದೆ ಎಂಬುದನ್ನು ನೋಡಬೇಕು.

ಬೆಳಕು ಓದುವ ಬಗೆ

ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಸೇರಿ 1980ರಲ್ಲಿ ಸಿಡಿಯ ಮಾನದಂಡವನ್ನು ರೂಪಿಸಿದವು. 1982ರಲ್ಲಿ ಮೊದಲ ಪ್ಲೇಯರ್ ಮಾರುಕಟ್ಟೆಗೆ ಬಂತು. ಅಂದಿನಿಂದ ಇಂದಿನವರೆಗೂ ತಟ್ಟೆಯ ಹೊರ ಅಳತೆ ಬದಲಾಗಿಲ್ಲ: ವ್ಯಾಸ 120 ಮಿಲಿಮೀಟರ್, ದಪ್ಪ 1.2 ಮಿಲಿಮೀಟರ್. ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಒಳಗಿನಿಂದ ಹೊರಕ್ಕೆ ಸಾಗುವ ಒಂದೇ ಒಂದು ಸುರುಳಿ ಇದೆ. ಗ್ರಾಮಫೋನ್ ತಟ್ಟೆಯಲ್ಲಿ ಮುಳ್ಳು ಹೊರಗಿನಿಂದ ಒಳಕ್ಕೆ ಬರುತ್ತದೆ. ಸಿಡಿಯಲ್ಲಿ ಅದು ತಿರುವುಮುರುವು. ಸುರುಳಿಯ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವಿನ ಅಂತರ 1.6 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರ್ ಅಗಲದಲ್ಲಿ ಆರುನೂರಕ್ಕೂ ಹೆಚ್ಚು ಸುತ್ತುಗಳು. ಈ ಸುರುಳಿಯನ್ನು ಬಿಡಿಸಿ ನೇರವಾಗಿ ಎಳೆದರೆ ಐದು ಕಿಲೋಮೀಟರಿಗಿಂತ ಉದ್ದವಾಗುತ್ತದೆ.

ಸುರುಳಿಯುದ್ದಕ್ಕೂ ಸಣ್ಣ ಸಣ್ಣ ಕುಳಿಗಳಿವೆ. ಅವುಗಳ ಮೇಲೆ ತೆಳುವಾದ ಅಲ್ಯೂಮಿನಿಯಂ ಲೇಪವಿದೆ. ಡ್ರೈವಿನ ಲೇಸರ್ ಕಿರಣ ಕೆಳಗಿನಿಂದ ಪ್ಲಾಸ್ಟಿಕ್ಕಿನ ಮೂಲಕ ಹಾದು ಆ ಲೇಪಕ್ಕೆ ತಗುಲಿ ಹಿಂದಿರುಗುತ್ತದೆ. ಕುಳಿಯ ಆಳವನ್ನು ಬೆಳಕಿನ ತರಂಗಾಂತರದ ಸುಮಾರು ಕಾಲು ಭಾಗಕ್ಕೆ ಹೊಂದಿಸಿರುತ್ತಾರೆ. ಹಾಗಾಗಿ ಕುಳಿಯಿಂದ ಮರಳಿದ ಬೆಳಕೂ ಅದರ ಅಕ್ಕಪಕ್ಕದ ಸಮತಟ್ಟಾದ ಜಾಗದಿಂದ ಮರಳಿದ ಬೆಳಕೂ ಒಂದನ್ನೊಂದು ಕುಗ್ಗಿಸುತ್ತವೆ. ಕುಳಿಯ ಮೇಲೆ ಹಾಯುವಾಗ ಪ್ರತಿಫಲನ ಮಂಕಾಗುತ್ತದೆ, ಸಮತಟ್ಟಿನ ಮೇಲೆ ಪ್ರಕಾಶಮಾನವಾಗುತ್ತದೆ. ಡ್ರೈವ್ ನೋಡುವುದು ಇಷ್ಟನ್ನೇ. ಕುಳಿ ಎಂದರೆ ಸೊನ್ನೆ, ಸಮತಟ್ಟು ಎಂದರೆ ಒಂದು ಎಂದು ಅನೇಕ ಕಡೆ ಬರೆದಿರುತ್ತಾರೆ. ಅದು ಸರಿಯಲ್ಲ. ಕುಳಿ ಶುರುವಾಗುವ ಅಂಚು ಮತ್ತು ಮುಗಿಯುವ ಅಂಚು, ಅಂದರೆ ಬೆಳಕು ಬದಲಾಗುವ ಕ್ಷಣ, ಒಂದನ್ನು ಸೂಚಿಸುತ್ತದೆ. ಬದಲಾವಣೆ ಇಲ್ಲದ ಉದ್ದವೆಲ್ಲ ಸೊನ್ನೆಗಳು.

ಸಿಡಿಯಿಂದ ಡಿವಿಡಿಗೆ, ಅಲ್ಲಿಂದ ಬ್ಲೂ-ರೇಗೆ ಆದ ಪ್ರಗತಿಯ ತಿರುಳು ಬೆಳಕಿನ ಬಣ್ಣದಲ್ಲಿದೆ. ದಪ್ಪ ಮೊನೆಯ ಲೇಖನಿಯಿಂದ ಸಣ್ಣ ಅಕ್ಷರ ಬರೆಯಲು ಆಗುವುದಿಲ್ಲ. ಬೆಳಕಿಗೂ ಅದೇ ಮಿತಿ. ಸಿಡಿಯ ಲೇಸರ್ 780 ನ್ಯಾನೊಮೀಟರಿನದು, ಕಣ್ಣಿಗೆ ಬಹುತೇಕ ಕಾಣದ ಅವಕೆಂಪಿನ ಅಂಚಿನದು. 1996ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಡಿವಿಡಿ 650 ನ್ಯಾನೊಮೀಟರಿನ ಕೆಂಪು ಲೇಸರನ್ನು ಬಳಸಿತು; ಸುತ್ತುಗಳ ಅಂತರ 0.74 ಮೈಕ್ರೋಮೀಟರಿಗೆ ಇಳಿಯಿತು, ಹಿಡಿಸುವ ಮಾಹಿತಿ 700 ಎಂಬಿಯಿಂದ 4.7 ಜಿಬಿಗೆ ಏರಿತು. 2006ರಲ್ಲಿ ಬಂದ ಬ್ಲೂ-ರೇ 405 ನ್ಯಾನೊಮೀಟರಿನ ನೀಲಿ-ನೇರಳೆ ಲೇಸರಿನಿಂದ ಒಂದೇ ಪದರದಲ್ಲಿ 25 ಜಿಬಿ ಓದುತ್ತದೆ. ಆ ಬಣ್ಣದ ಬೆಳಕನ್ನು ಕೊಡುವ ಅಗ್ಗದ, ಬಾಳಿಕೆಯ ಸಾಧನಕ್ಕಾಗಿ ವಿಜ್ಞಾನಿಗಳು ದಶಕಗಟ್ಟಲೆ ತಿಣುಕಿದ್ದರು. ಗ್ಯಾಲಿಯಂ ನೈಟ್ರೈಡ್ ಎಂಬ ವಸ್ತುವನ್ನು ಪಳಗಿಸಿ ನೀಲಿ ಎಲ್‌ಇಡಿ ರೂಪಿಸಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ಶೂಜಿ ನಕಾಮುರ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಬ್ಲೂ-ರೇ ಡ್ರೈವಿನ ಲೇಸರ್ ಅದೇ ವಸ್ತುವಿನ ಕೂಸು.

ಮಾಹಿತಿ ತಟ್ಟೆಯ ಯಾವ ಆಳದಲ್ಲಿ ಕೂತಿದೆ ಎಂಬುದು ಈ ಮೂರರಲ್ಲೂ ಬೇರೆ ಬೇರೆ. ಬಳಕೆದಾರರಿಗೆ ಇದು ಬಹಳ ಮುಖ್ಯವಾದ ಸಂಗತಿ. ಸಿಡಿಯಲ್ಲಿ ಮಾಹಿತಿಯ ಪದರ ಮೇಲ್ಭಾಗದಲ್ಲಿ, ಹೆಸರು ಮುದ್ರಿಸಿರುವ ಬದಿಗೆ ಅಂಟಿಕೊಂಡಿದೆ. ಅದಕ್ಕೆ ರಕ್ಷಣೆಯೆಂದರೆ ತೆಳುವಾದ ಅರಗಿನ ಲೇಪ ಮಾತ್ರ. ಹೊಳೆಯುವ ಬದಿಯನ್ನು ಜೋಪಾನ ಮಾಡುತ್ತಾ ಹೆಸರಿರುವ ಬದಿಯನ್ನು ಮೇಜಿನ ಮೇಲೆ ಉಜ್ಜುತ್ತಿದ್ದ ನಾವೆಲ್ಲ ತಪ್ಪು ಬದಿಯನ್ನು ಕಾಯುತ್ತಿದ್ದೆವು. ಹೊಳೆಯುವ ಬದಿಯ ಗೀರನ್ನು ಎಷ್ಟೋ ಸಲ ಉಜ್ಜಿ ನಯಗೊಳಿಸಬಹುದು. ಮೇಲ್ಬದಿಯ ಗೀರು ಲೋಹದ ಲೇಪವನ್ನೇ ಕಿತ್ತುಕೊಂಡು ಹೋದರೆ ಅಲ್ಲಿನ ಮಾಹಿತಿ ಮತ್ತೆ ಬರುವುದಿಲ್ಲ. ಡಿವಿಡಿಯಲ್ಲಿ 0.6 ಮಿಲಿಮೀಟರಿನ ಎರಡು ತಟ್ಟೆಗಳನ್ನು ಅಂಟಿಸಿ, ಮಾಹಿತಿಯನ್ನು ನಡುವೆ ಇಟ್ಟಿದ್ದಾರೆ. ಬ್ಲೂ-ರೇಯಲ್ಲಿ ಅದು ಓದುವ ಬದಿಯಿಂದ ಕೇವಲ 0.1 ಮಿಲಿಮೀಟರ್ ಒಳಗಿದೆ. ಹಾಗಾಗಿಯೇ ಆ ಬದಿಗೆ ಗಟ್ಟಿಯಾದ ವಿಶೇಷ ಲೇಪ ಬೇಕಾಯಿತು.

ಗೀರುಬಿದ್ದ ಡಿಸ್ಕ್ ಹೇಗೆ ಓದುತ್ತದೆ ಎಂಬ ಅಚ್ಚರಿಗೂ ಉತ್ತರವಿದೆ. ರೀಡ್ ಮತ್ತು ಸಾಲೊಮನ್ ಎಂಬ ಗಣಿತಜ್ಞರ ಹೆಸರಿನ ಸಂಕೇತ ಪದ್ಧತಿಯಿಂದ ಪ್ರತಿ ತುಣುಕು ಮಾಹಿತಿಯ ಜೊತೆಗೂ ಅದನ್ನು ಮರಳಿ ಲೆಕ್ಕಹಾಕಿಕೊಳ್ಳಲು ಬೇಕಾದ ಹೆಚ್ಚುವರಿ ಅಂಕಿಗಳನ್ನು ಸೇರಿಸಿರುತ್ತಾರೆ. ಜೊತೆಗೆ ಅಕ್ಕಪಕ್ಕದ ಮಾಹಿತಿಯನ್ನು ದೂರ ದೂರ ಚದುರಿಸಿ ಬರೆದಿರುತ್ತಾರೆ. ಸುರುಳಿಯ ಹಾದಿಯಲ್ಲಿ ಸುಮಾರು ಎರಡೂವರೆ ಮಿಲಿಮೀಟರ್ ಉದ್ದಕ್ಕೆ ಏನೂ ಕಾಣದಿದ್ದರೂ ಸಿಡಿ ಅದನ್ನು ಪೂರ್ತಿಯಾಗಿ ಸರಿಪಡಿಸಿಕೊಳ್ಳಬಲ್ಲದು. ಡಿಸ್ಕನ್ನು ಒರೆಸುವಾಗ ಗುಂಡಗೆ ತಿರುವಬೇಡಿ, ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ ಎನ್ನುವುದು ಇದಕ್ಕೇ. ನೇರ ಗೀರು ಪ್ರತಿ ಸುತ್ತನ್ನೂ ಒಂದು ಕಡೆ ಮಾತ್ರ ಅಡ್ಡಹಾಯುತ್ತದೆ, ಸರಿಹೋಗುತ್ತದೆ. ದುಂಡಗಿನ ಗೀರು ಸುರುಳಿಯ ಜೊತೆಯಲ್ಲೇ ಓಡಿ ಒಂದೇ ಕಡೆ ಬಹಳಷ್ಟನ್ನು ನುಂಗುತ್ತದೆ.

ಇನ್ನೊಂದು ಸೊಗಸಾದ ಲೆಕ್ಕವಿದೆ, ಹೇಳದೆ ಮುಂದೆ ಹೋಗಲು ಮನಸ್ಸಾಗದು. 74 ನಿಮಿಷದ ಸಿಡಿಗೆ ಸಂಗೀತವಾದರೆ ಸುಮಾರು 780 ಎಂಬಿಯಷ್ಟು ತುಂಬುತ್ತದೆ. ಕಂಪ್ಯೂಟರ್ ಕಡತಗಳಾದರೆ 650 ಎಂಬಿ ಮಾತ್ರ. ಎಣಿಕೆಯ ಪದ್ಧತಿಯಿಂದ ಬರುವ ಸಣ್ಣ ವ್ಯತ್ಯಾಸವನ್ನು ಕಳೆದರೂ ಅಂತರ ದೊಡ್ಡದೇ. ಏಕೆಂದರೆ ಹಾಡಿನಲ್ಲಿ ಒಂದು ಕಣ ತಪ್ಪಿಹೋದರೆ ಪ್ಲೇಯರ್ ಅದರ ಹಿಂದಿನ ಮತ್ತು ಮುಂದಿನ ಧ್ವನಿಯನ್ನು ನೋಡಿ ನಡುವಿನದನ್ನು ಊಹಿಸಿಬಿಡುತ್ತದೆ, ಕಿವಿಗೆ ಗೊತ್ತಾಗುವುದಿಲ್ಲ. ತಂತ್ರಾಂಶದಲ್ಲಿ ಒಂದೇ ಅಂಕಿ ತಪ್ಪಿದರೂ ಇಡೀ ಕಡತ ಕೆಡಬಹುದು. ಆದ್ದರಿಂದ ಕಡತಗಳ ಸಿಡಿಯಲ್ಲಿ 2352 ಬೈಟುಗಳ ಪ್ರತಿ ಖಂಡದಲ್ಲಿ 2048 ಮಾತ್ರ ನಮ್ಮದು. ಉಳಿದದ್ದು ಬಹುಪಾಲು ಕಾವಲಿಗೆ ಮೀಸಲು.

ಡ್ರೈವ್ ಏಕೆ ಹೊರಟುಹೋಯಿತು

ಇದಕ್ಕೆ ದೀರ್ಘ ವಿವರಣೆ ಬೇಕಿಲ್ಲ. ಡಿಸ್ಕ್ ಮಾಡುತ್ತಿದ್ದ ದಿನನಿತ್ಯದ ಕೆಲಸಗಳನ್ನು ಬೇರೆಯವರು ಹಂಚಿಕೊಂಡರು. 2001ರ ವಿಂಡೋಸ್ ಎಕ್ಸ್‌ಪಿ ಸಿಡಿಯಲ್ಲಿ ಬಂತು, 2009ರ ವಿಂಡೋಸ್ 7 ಡಿವಿಡಿಯಲ್ಲಿ ಬಂತು, 2015ರ ವಿಂಡೋಸ್ 10 ಪೆಟ್ಟಿಗೆಯೊಳಗೆ ಪೆನ್ ಡ್ರೈವ್ ಇತ್ತು. ಈಗ ಅದರ ಪೆಟ್ಟಿಗೆಯೂ ಬೇಡ. ಅಂತರಜಾಲದಿಂದ ಇಳಿಸಿಕೊಂಡು ಪೆನ್ ಡ್ರೈವಿಗೆ ಹಾಕಿಕೊಂಡರೆ ಸಾಕು. ವೇಗದಲ್ಲಂತೂ ಹೋಲಿಕೆಯೇ ಇಲ್ಲ. ಸಿಡಿಯ ಮೂಲ ವೇಗ ಸೆಕೆಂಡಿಗೆ 150 ಕಿಲೋಬೈಟ್. 52 ಪಟ್ಟು ಎಂದು ಬರೆದಿರುತ್ತಿದ್ದ ಡ್ರೈವ್ ತಟ್ಟೆಯನ್ನು ನಿಮಿಷಕ್ಕೆ ಸುಮಾರು ಹತ್ತು ಸಾವಿರ ಸುತ್ತು ತಿರುಗಿಸಿದರೂ ಸೆಕೆಂಡಿಗೆ 8 ಎಂಬಿ ದಾಟುತ್ತಿರಲಿಲ್ಲ. 16 ಪಟ್ಟಿನ ಡಿವಿಡಿಗೆ 22 ಎಂಬಿ. ಹಾರ್ಡ್ ಡಿಸ್ಕಿನ ಜಾಗಕ್ಕೆ ಬಂದಿರುವ, ತಿರುಗುವ ತಟ್ಟೆಯಿಲ್ಲದ ಇಂದಿನ ಸಾಮಾನ್ಯ ಎಸ್‌ಎಸ್‌ಡಿ ಸೆಕೆಂಡಿಗೆ ಸಾವಿರಾರು ಎಂಬಿ ಓದುತ್ತದೆ. ಒಂದು ಟೆರಾಬೈಟಿನ ಹಾರ್ಡ್ ಡಿಸ್ಕಿನಲ್ಲಿರುವುದನ್ನು ಡಿವಿಡಿಗಳಿಗೆ ಬರೆಯಲು ಹೊರಟರೆ ಇನ್ನೂರಕ್ಕೂ ಹೆಚ್ಚು ತಟ್ಟೆಗಳು ಬೇಕು. ಅದರ ಮೇಲೆ ಲ್ಯಾಪ್‌ಟಾಪಿನೊಳಗಿನ ಜಾಗದ ಪ್ರಶ್ನೆ. ತೆಳು ಡ್ರೈವ್ ಎಂದು ಕರೆಸಿಕೊಂಡದ್ದರ ದಪ್ಪವೇ 9.5 ಅಥವಾ 12.7 ಮಿಲಿಮೀಟರ್, ಅಂದರೆ ಇಂದಿನ ಎಷ್ಟೋ ಲ್ಯಾಪ್‌ಟಾಪುಗಳ ಕೆಳಭಾಗಕ್ಕಿಂತ ಹೆಚ್ಚು. ಆ ಜಾಗ ಬ್ಯಾಟರಿಗೆ ಹೋದದ್ದು ಒಳ್ಳೆಯದೇ ಆಯಿತು.

ತಟ್ಟೆ ಹೋದರೂ ಅದರ ಅಚ್ಚು ಉಳಿದುಕೊಂಡಿದೆ. ಆಪರೇಟಿಂಗ್ ಸಿಸ್ಟಮ್ ಇಳಿಸಿಕೊಳ್ಳುವಾಗ ಸಿಗುವ ಐಎಸ್‌ಒ ಕಡತ ಇದೆಯಲ್ಲ, ಅದು ಒಂದು ಡಿಸ್ಕಿನ ಪೂರ್ತಿ ಪ್ರತಿಬಿಂಬ. 1988ರ ಐಎಸ್‌ಒ 9660 ಎಂಬ ಸಿಡಿ ಮಾನದಂಡದಿಂದಲೇ ಅದಕ್ಕೆ ಆ ಹೆಸರು ಬಂದಿದೆ. ವಿಂಡೋಸ್ 8ರಿಂದೀಚೆಗೆ ಅಂಥ ಕಡತದ ಮೇಲೆ ಎರಡು ಬಾರಿ ಒತ್ತಿದರೆ ಸಾಕು, ನಿಜವಾದ ಡಿಸ್ಕ್ ಹಾಕಿದಂತೆಯೇ ತೆರೆದುಕೊಳ್ಳುತ್ತದೆ.

ಮಸಿಯ ಆಯುಷ್ಯ

ಈಗ ಕಪಾಟಿಗೆ ಬರೋಣ. ಅಂಗಡಿಯಲ್ಲಿ ಕೊಂಡ ಹಾಡಿನ ಸಿಡಿಯೂ ಮನೆಯಲ್ಲಿ ಬರೆದ ಸಿಡಿಯೂ ನೋಡಲು ಒಂದೇ ತರಹ. ಒಳಗೆ ಅವು ಬೇರೆ ಬೇರೆ ವಸ್ತುಗಳು. ಕಾರ್ಖಾನೆಯ ಸಿಡಿಯಲ್ಲಿ ಕುಳಿಗಳನ್ನು ಪ್ಲಾಸ್ಟಿಕ್ಕಿನಲ್ಲೇ ಒತ್ತಿರುತ್ತಾರೆ. ಅಲ್ಯೂಮಿನಿಯಂ ಲೇಪ ತುಕ್ಕುಹಿಡಿಯದಿದ್ದರೆ ಅದು ಬಹಳ ವರ್ಷ ಬಾಳುತ್ತದೆ. ಮನೆಯಲ್ಲಿ ಬರೆಯುವ ಸಿಡಿಯಲ್ಲಿ ಕುಳಿಯೇ ಇಲ್ಲ. ಅದರಲ್ಲಿ ಒಂದು ಬಣ್ಣದ ಪದರವಿದೆ. ಬರೆಯುವ ಲೇಸರ್ ಆ ಬಣ್ಣವನ್ನು ಅಲ್ಲಲ್ಲಿ ಸುಟ್ಟು, ಅಲ್ಲಿ ಬೆಳಕು ಕಡಿಮೆ ಮರಳುವಂತೆ ಮಾಡುತ್ತದೆ. ಸಿಡಿ ಬರ್ನ್ ಮಾಡುವುದು ಎಂಬ ಮಾತು ಅಕ್ಷರಶಃ ನಿಜ. ಮತ್ತೆ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯು ಡಿಸ್ಕುಗಳಲ್ಲಿ ಬಣ್ಣದ ಬದಲು ಲೋಹದ ಮಿಶ್ರಣವಿದ್ದು, ಅದು ಹರಳಿನ ಸ್ಥಿತಿಗೂ ಗಾಜಿನಂಥ ಸ್ಥಿತಿಗೂ ನಡುವೆ ಬದಲಾಗುತ್ತದೆ.

ಬಣ್ಣ ಎಂದ ಮೇಲೆ ಅದು ಮಾಸುತ್ತದೆ. ಬಿಸಿಲು, ಶಾಖ, ತೇವ ಈ ಮೂರೂ ಅದಕ್ಕೆ ಶತ್ರುಗಳು. ಯಾವ ಬಣ್ಣ ಎಂಬುದರ ಮೇಲೆ ಆಯುಷ್ಯ ಬದಲಾಗುತ್ತದೆ: ಸಯನೈನ್ ಎಂಬ ಬಣ್ಣ ಬೇಗ ಸೋಲುತ್ತದೆ, ಥ್ಯಾಲೊಸಯನೈನ್ ಹೆಚ್ಚು ತಾಳುತ್ತದೆ. ಕೆನಡಾದ ಸಂರಕ್ಷಣಾ ಸಂಸ್ಥೆಯ ಅಂದಾಜಿನಲ್ಲಿ ಥ್ಯಾಲೊಸಯನೈನ್ ಬಣ್ಣಕ್ಕೆ ಚಿನ್ನದ ಲೇಪವಿರುವ ಸಿಡಿ ನೂರು ವರ್ಷಕ್ಕೂ ಮೀರಿ ಬಾಳಬಲ್ಲದು. ಆದರೆ ನೂರರ ಕಂತೆಯಲ್ಲಿ ಕೊಂಡ, ಮುಚ್ಚಳವೂ ಇಲ್ಲದ ಅಗ್ಗದ ಡಿಸ್ಕುಗಳಿಗೆ ಆ ಭಾಗ್ಯವಿಲ್ಲ. ಡಿವಿಡಿಗಳಲ್ಲಿ ಎರಡು ತಟ್ಟೆಗಳನ್ನು ಬೆಸೆದ ಅಂಟು ಬಿಡುವ ಅಪಾಯವೂ ಸೇರಿಕೊಳ್ಳುತ್ತದೆ. ಹೆಸರು ಬರೆದು ಅಂಟಿಸಿದ ಕಾಗದದ ಚೀಟಿ ಒಂದು ಬದಿಗೆ ಎಳೆದು ತಟ್ಟೆಯನ್ನು ಸೊಟ್ಟಗೆ ಮಾಡಬಹುದು, ಅದನ್ನು ಕೀಳಲು ಹೋದರೆ ಲೇಪವೂ ಕಿತ್ತು ಬರಬಹುದು.

ನನ್ನ ಹಳೆಯ ಡಿಸ್ಕುಗಳನ್ನು ಒಂದೊಂದಾಗಿ ಹಾಕಿ ನೋಡಿದಾಗ ನನಗೆ ಆಶ್ಚರ್ಯವಾದದ್ದು ಕೆಟ್ಟವುಗಳ ಸಂಖ್ಯೆಯಿಂದಲ್ಲ, ಅವು ಕೆಟ್ಟ ರೀತಿಯಿಂದ. ಮೇಲ್ನೋಟಕ್ಕೆ ಒಂದು ಗೀರೂ ಇಲ್ಲದ, ಕವರಿನಲ್ಲಿ ಭದ್ರವಾಗಿದ್ದ ಡಿಸ್ಕ್ ಓದಲಿಲ್ಲ. ಗೀರು ತುಂಬಿದ್ದ ಇನ್ನೊಂದು ಸಲೀಸಾಗಿ ಓದಿತು. ಕಣ್ಣಿನಿಂದ ನೋಡಿ ಡಿಸ್ಕಿನ ಆರೋಗ್ಯ ಹೇಳಲು ಸಾಧ್ಯವಿಲ್ಲ. ಕಡತಗಳ ಪಟ್ಟಿ ತೆರೆದುಕೊಂಡಿತು ಎಂದು ಸಮಾಧಾನಪಡುವುದೂ ತಪ್ಪು. ಪಟ್ಟಿ ಇರುವುದು ಸುರುಳಿಯ ಆರಂಭದಲ್ಲಿ, ನಡುವಿನ ಹತ್ತಿರ. ಹಾಳಾಗುವುದು ಹೆಚ್ಚಾಗಿ ಹೊರ ಅಂಚಿನಿಂದ. ಹೆಸರುಗಳೆಲ್ಲ ಕಾಣುತ್ತವೆ, ಕೊನೆಯಲ್ಲಿ ಬರೆದ ಫೋಟೋಗಳು ಮಾತ್ರ ತೆರೆಯುವುದಿಲ್ಲ.

ಮದುವೆಯ ವಿಡಿಯೊ, ಹೋದವರ ಧ್ವನಿ, ಮೊದಲ ಡಿಜಿಟಲ್ ಕ್ಯಾಮೆರಾದ ಚಿತ್ರಗಳು, ಪ್ರಬಂಧದ ಕರಡು, ಆಸ್ಪತ್ರೆ ಕೊಟ್ಟ ಸ್ಕ್ಯಾನಿನ ಸಿಡಿ: ಇಂಥವು ಬೇರೆಲ್ಲಿಯೂ ಪ್ರತಿ ಇಲ್ಲದೆ ಒಂದು ತಟ್ಟೆಯ ಮೇಲೆ ಮಾತ್ರ ಉಳಿದಿದ್ದರೆ, ಡ್ರೈವ್ ಬೇಕೆ ಎಂಬ ಚರ್ಚೆಗೆ ಅರ್ಥವಿಲ್ಲ. ಸ್ಕ್ಯಾನಿನ ಸಿಡಿಯ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಅದರಲ್ಲಿ ಡೈಕಾಮ್ ಎಂಬ ವೈದ್ಯಕೀಯ ರೂಪದ ಚಿತ್ರಗಳಿರುತ್ತವೆ. ಕಾಗದದ ಮೇಲಿನ ಮುದ್ರಣಕ್ಕಿಂತ ಎಷ್ಟೋ ಪಾಲು ಹೆಚ್ಚಿನ ವಿವರ ಅವುಗಳಲ್ಲಿದೆ. ವರ್ಷಗಳ ನಂತರ ಹೊಸ ವೈದ್ಯರು ಹಳೆಯದರ ಜೊತೆ ಹೋಲಿಸಿ ನೋಡಲು ಕೇಳುವುದು ಅದನ್ನೇ. ಸಿಡಿಯಲ್ಲಿರುವ ಪೂರ್ತಿ ಕಡತಕೋಶವನ್ನು ಹಾಗೆಯೇ ನಕಲು ಮಾಡಿಟ್ಟುಕೊಳ್ಳಿ, ಚಿತ್ರಗಳನ್ನು ಮಾತ್ರ ಆರಿಸಿಕೊಳ್ಳಬೇಡಿ.

ಸಿನಿಮಾ, ಸಂಗೀತ, ಒಡೆತನ

ಚಿತ್ರದ ಗುಣಮಟ್ಟಕ್ಕೆ ಬೆಲೆ ಕೊಡುವವರು ಡಿಸ್ಕನ್ನು ಬಿಟ್ಟಿಲ್ಲ, ಅದಕ್ಕೆ ಗಟ್ಟಿ ಕಾರಣವಿದೆ. 2016ರಲ್ಲಿ ಬಂದ ಅಲ್ಟ್ರಾ ಎಚ್‌ಡಿ ಬ್ಲೂ-ರೇ ಸೆಕೆಂಡಿಗೆ ನೂರು ಮೆಗಾಬಿಟ್‌ಗೂ ಮೀರಿದ ವೇಗದಲ್ಲಿ ಮಾಹಿತಿ ಕೊಡಬಲ್ಲದು. 4ಕೆ ಚಿತ್ರಕ್ಕೆ ನೆಟ್‌ಫ್ಲಿಕ್ಸ್ ಕೇಳುವ ಸಂಪರ್ಕದ ವೇಗ 15 ಮೆಗಾಬಿಟ್. ಅಂತರಜಾಲದ ಕೊಳವೆಗೆ ಹಿಡಿಸಲು ಚಿತ್ರವನ್ನು ಹೆಚ್ಚು ಹಿಂಡಬೇಕಾಗುತ್ತದೆ. ಕತ್ತಲೆಯ ದೃಶ್ಯಗಳಲ್ಲಿ, ಹೊಗೆಯಲ್ಲಿ, ಮಳೆಯಲ್ಲಿ ಅದರ ಗುರುತು ಕಾಣುತ್ತದೆ.

ಆದರೆ ಇದಕ್ಕಾಗಿ ಕಂಪ್ಯೂಟರಿಗೆ ಬ್ಲೂ-ರೇ ಡ್ರೈವ್ ಕೊಳ್ಳಲು ಹೊರಟವರನ್ನು ನಾನು ತಡೆಯುತ್ತೇನೆ. ವಿಂಡೋಸಿನಲ್ಲಾಗಲಿ ಮ್ಯಾಕಿನಲ್ಲಾಗಲಿ ಬ್ಲೂ-ರೇ ಸಿನಿಮಾ ನೋಡುವ ವ್ಯವಸ್ಥೆ ತಾನಾಗಿ ಬರುವುದಿಲ್ಲ, ಪರವಾನಗಿಯುಳ್ಳ ತಂತ್ರಾಂಶವನ್ನು ಬೇರೆ ಕೊಳ್ಳಬೇಕು. ಅಲ್ಟ್ರಾ ಎಚ್‌ಡಿಯ ಪಾಡು ಇನ್ನೂ ಕಷ್ಟ. ಅದರ ನಕಲು ತಡೆಯುವ ನಿಯಮಗಳಿಗೆ ಇಂಟೆಲ್ ಪ್ರೊಸೆಸರಿನಲ್ಲಿದ್ದ ಎಸ್‌ಜಿಎಕ್ಸ್ ಎಂಬ ರಕ್ಷಿತ ಕೋಣೆ ಬೇಕಿತ್ತು. ಇಂಟೆಲ್ 11ನೇ ಮತ್ತು 12ನೇ ಪೀಳಿಗೆಯ ಪ್ರೊಸೆಸರುಗಳ ಹೊತ್ತಿಗೆ ಮನೆಬಳಕೆಯ ಕಂಪ್ಯೂಟರುಗಳಿಂದ ಆ ಸೌಲಭ್ಯವನ್ನು ಕೈಬಿಟ್ಟಿತು. ಹಳೆಯ ಕಂಪ್ಯೂಟರಿನಲ್ಲಿ ಓಡುತ್ತಿದ್ದ, ಹಣ ಕೊಟ್ಟು ಕೊಂಡ ಸಿನಿಮಾ ಅದಕ್ಕಿಂತ ಶಕ್ತಿಶಾಲಿಯಾದ ಹೊಸ ಕಂಪ್ಯೂಟರಿನಲ್ಲಿ ಓಡದಂತಾಯಿತು. ಸಿನಿಮಾ ನೋಡುವುದೇ ಉದ್ದೇಶವಾದರೆ ಟಿವಿಗೆ ಜೋಡಿಸುವ ಪ್ಲೇಯರ್ ಕೊಳ್ಳಿ.

ಹಳೆಯ ಆಟಗಳಿಗೂ ಇಂಥದೇ ಸಂಕಟ. ಸೇಫ್‌ಡಿಸ್ಕ್ ಎಂಬ ನಕಲು ತಡೆಯ ಚಾಲಕ ತಂತ್ರಾಂಶವನ್ನು ವಿಂಡೋಸ್ 10 ಭದ್ರತೆಯ ಕಾರಣಕ್ಕೆ ಹೊರಗಿಟ್ಟಿತು. ಡಿಸ್ಕ್ ಸರಿಯಿದೆ, ಡ್ರೈವ್ ಸರಿಯಿದೆ, ಆಟ ಮಾತ್ರ ತೆರೆಯುವುದಿಲ್ಲ.

ಸಂಗೀತದ ಸಿಡಿಯಲ್ಲಿ ಈ ಯಾವ ತೊಡಕೂ ಇಲ್ಲ ಎಂಬುದು ನನಗೆ ಸಂತೋಷದ ಸಂಗತಿ. 1980ರ ಮಾನದಂಡದಲ್ಲಿ ಬೀಗವನ್ನೇ ಹಾಕಿರಲಿಲ್ಲ. ನಾಲ್ಕು ದಶಕದ ಹಿಂದಿನ ಸಿಡಿಯನ್ನು ಇಂದಿನ ಡ್ರೈವಿಗೆ ಹಾಕಿ, ಫ್ಲ್ಯಾಕ್ ಎಂಬ ನಷ್ಟವಿಲ್ಲದ ರೂಪಕ್ಕೆ ಇಳಿಸಿಕೊಂಡರೆ ತಟ್ಟೆಯಲ್ಲಿದ್ದ ಪ್ರತಿ ಅಂಕಿಯೂ ನಿಮ್ಮ ಹಾರ್ಡ್ ಡಿಸ್ಕಿನಲ್ಲಿರುತ್ತದೆ. ಎಕ್ಸಾಕ್ಟ್ ಆಡಿಯೊ ಕಾಪಿಯಂಥ ತಂತ್ರಾಂಶಗಳು ನಿಮ್ಮ ನಕಲನ್ನು ಅದೇ ಸಿಡಿಯಿಂದ ಬೇರೆಯವರು ಮಾಡಿದ ನಕಲುಗಳ ಜೊತೆ ತಾಳೆ ನೋಡಿ, ಸರಿಯಾಗಿದೆಯೋ ಇಲ್ಲವೋ ಹೇಳುತ್ತವೆ.

ಒಡೆತನದ ಪ್ರಶ್ನೆಯೂ ಇಲ್ಲೇ ಏಳುತ್ತದೆ. ಅಂತರಜಾಲದಲ್ಲಿ 'ಕೊಂಡ' ಸಿನಿಮಾ, ಪುಸ್ತಕ, ಆಟಗಳಲ್ಲಿ ಬಹುಪಾಲು ನಮಗೆ ಸಿಗುವುದು ಬಳಸುವ ಪರವಾನಗಿ ಮಾತ್ರ. 2009ರಲ್ಲಿ ಹಕ್ಕುಗಳ ತಕರಾರಿನ ಕಾರಣದಿಂದ ಅಮೆಜಾನ್ ಗ್ರಾಹಕರ ಕಿಂಡಲ್ ಸಾಧನಗಳೊಳಗಿದ್ದ ಪುಸ್ತಕವನ್ನೇ ದೂರದಿಂದ ಅಳಿಸಿ ಹಣ ಹಿಂದಿರುಗಿಸಿತ್ತು. ಪರವಾನಗಿಯನ್ನಷ್ಟೇ ಮಾರುವಾಗ ಅದನ್ನು ಸ್ಪಷ್ಟವಾಗಿ ತಿಳಿಸದೆ 'ಖರೀದಿ' ಎಂಬ ಪದ ಬಳಸಬಾರದೆಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಕಪಾಟಿನಲ್ಲಿರುವ ತಟ್ಟೆಯನ್ನು ಯಾರೂ ದೂರದಿಂದ ಅಳಿಸಲಾರರು. ಅದನ್ನು ಗೆಳೆಯರಿಗೆ ಕೊಡಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು.

ಅಳಿಸಲಾಗದ ಬರಹ

ಒಮ್ಮೆ ಬರೆದರೆ ಮತ್ತೆ ತಿದ್ದಲಾಗದು ಎಂಬುದನ್ನು ಒಂದು ಕಾಲದಲ್ಲಿ ಸಿಡಿಯ ಕೊರತೆ ಎಂದೇ ಎಣಿಸುತ್ತಿದ್ದೆವು. ಈಗ ಅದೇ ಅದರ ಬಲ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ದುಷ್ಟ ತಂತ್ರಾಂಶಗಳು ಕಂಪ್ಯೂಟರಿಗೆ ಜೋಡಿಸಿದ ಹಾರ್ಡ್ ಡಿಸ್ಕಿಗೂ ಕ್ಲೌಡಿಗೂ ಕೈಹಾಕುತ್ತವೆ. ಬರೆದು ಮುಗಿಸಿದ ಬ್ಲೂ-ರೇ ಡಿಸ್ಕನ್ನು ಡ್ರೈವಿನಲ್ಲೇ ಬಿಟ್ಟಿದ್ದರೂ ಅವು ಅದನ್ನು ಬದಲಾಯಿಸಲಾರವು. ಕಪಾಟಿನಲ್ಲಿರುವ ಡಿಸ್ಕಿಗೆ ವಿದ್ಯುತ್ ಬೇಡ, ತಿಂಗಳ ಶುಲ್ಕ ಬೇಡ. ಪೆನ್ ಡ್ರೈವ್ ಮತ್ತು ಎಸ್‌ಎಸ್‌ಡಿಗಳು ಮಾಹಿತಿಯನ್ನು ವಿದ್ಯುದಂಶವಾಗಿ ಹಿಡಿದಿಡುತ್ತವೆ; ವರ್ಷಗಟ್ಟಲೆ ವಿದ್ಯುತ್ ಕಾಣದೆ ಬಿದ್ದಿದ್ದರೆ ಅದು ನಿಧಾನವಾಗಿ ಸೋರಿಹೋಗುತ್ತದೆ. ಫೇಸ್‌ಬುಕ್ ಸಂಸ್ಥೆ 2014ರಲ್ಲಿ ಹತ್ತು ಸಾವಿರ ಬ್ಲೂ-ರೇ ಡಿಸ್ಕುಗಳಿದ್ದ, ಒಂದು ಪೆಟಾಬೈಟ್ (ಹತ್ತು ಲಕ್ಷ ಜಿಬಿ) ಹಿಡಿಸುವ ಬೀರುವೊಂದನ್ನು ಇದೇ ತರ್ಕದ ಮೇಲೆ ಕಟ್ಟಿ ತೋರಿಸಿತ್ತು.

ಮನೆಮಟ್ಟದಲ್ಲಿ ಇದಕ್ಕೆ ಎಂ-ಡಿಸ್ಕ್ ಎಂಬ ಬಗೆಯಿದೆ. ಅದರಲ್ಲಿ ಮಾಸುವ ಬಣ್ಣದ ಬದಲು ಕಲ್ಲಿನಂಥ ನಿರವಯವ ಪದರವಿದ್ದು, ಲೇಸರ್ ಅದರಲ್ಲಿ ನಿಜವಾದ ತೂತನ್ನೇ ಕೊರೆಯುತ್ತದೆ. ಸಾವಿರ ವರ್ಷ ಬಾಳುತ್ತದೆ ಎಂಬ ತಯಾರಕರ ಮಾತನ್ನು ಪಕ್ಕಕ್ಕಿಡೋಣ. ಬಣ್ಣದ ಡಿಸ್ಕಿಗಿಂತ ಗಟ್ಟಿ ಎಂಬುದಂತೂ ಅದರ ರಚನೆಯಿಂದಲೇ ತಿಳಿಯುತ್ತದೆ. ಆದರೂ ಎಲ್ಲವನ್ನೂ ಡಿಸ್ಕಿಗೆ ಬರೆಯಿರಿ ಎಂದು ನಾನು ಹೇಳುವುದಿಲ್ಲ. ಒಂದು ಪದರದ ಬ್ಲೂ-ರೇಗೆ 25 ಜಿಬಿ ಎಂದರೆ ಮೊಬೈಲಿನಲ್ಲಿ ತೆಗೆದ ವಿಡಿಯೊಗಳಿಗೆ ಅದು ಏನೇನೂ ಸಾಲದು. ಆಯ್ದ ಐನೂರು ಫೋಟೋಗಳಿಗೆ, ಮನೆಯ ದಾಖಲೆಗಳಿಗೆ, ಬರೆದ ಬರಹಗಳಿಗೆ ಧಾರಾಳವಾಗಿ ಸಾಕು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬ ಪ್ರಸಿದ್ಧ ಸೂತ್ರದಲ್ಲಿ ಆ ಎರಡನೆಯ ಬಗೆಯ ಸ್ಥಾನಕ್ಕೆ ಡಿಸ್ಕ್ ಚೆನ್ನಾಗಿ ಒಪ್ಪುತ್ತದೆ.

ಏನು ಕೊಳ್ಳಬೇಕು, ಹೇಗೆ ಇಳಿಸಿಕೊಳ್ಳಬೇಕು

ಯುಎಸ್‌ಬಿಗೆ ಚುಚ್ಚುವ ಹೊರಗಿನ ಡ್ರೈವ್ ಒಂದಿದ್ದರೆ ಮನೆಯ ಎಲ್ಲ ಕಂಪ್ಯೂಟರುಗಳಿಗೂ ಆಯಿತು. ಸಿಡಿ, ಡಿವಿಡಿಗಳಷ್ಟೇ ಇದ್ದರೆ ಡಿವಿಡಿ ಬರೆಯುವ ಡ್ರೈವ್ ಸಾಕು. ಬ್ಲೂ-ರೇ ಡ್ರೈವುಗಳು ಸಾಮಾನ್ಯವಾಗಿ ಮೂರನ್ನೂ ಓದುತ್ತವೆ. ತೆಳು ಡ್ರೈವುಗಳು ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುತ್ತವೆ. ತಟ್ಟೆ ತಿರುಗಲು ಶುರುವಾಗುವಾಗ ಅವಕ್ಕೆ ಹೆಚ್ಚು ವಿದ್ಯುತ್ ಬೇಕು. ಡ್ರೈವ್ ಟಕಟಕ ಎಂದು ಸದ್ದು ಮಾಡಿ ಸುಮ್ಮನಾದರೆ ಅದು ಕೆಟ್ಟಿದೆ ಎಂದುಕೊಳ್ಳುವ ಮೊದಲು, ಒಂದು ಕಿಂಡಿಯನ್ನು ಹಲವಾಗಿಸುವ ಹಬ್ ನಡುವೆ ಇದ್ದರೆ ಅದನ್ನು ತೆಗೆದು ನೇರವಾಗಿ ಕಂಪ್ಯೂಟರಿಗೆ ಜೋಡಿಸಿ ನೋಡಿ. ಡಿವಿಡಿ ಸಿನಿಮಾ ನೋಡುವ ಸೌಲಭ್ಯವನ್ನು ವಿಂಡೋಸ್ 8ರಿಂದೀಚೆಗೆ ಜೊತೆಯಲ್ಲಿ ಕೊಡುತ್ತಿಲ್ಲ. ವಿಎಲ್‌ಸಿ ಎಂಬ ಉಚಿತ ತಂತ್ರಾಂಶ ಆ ಕೆಲಸ ಮಾಡುತ್ತದೆ.

ಇಳಿಸಿಕೊಳ್ಳುವಾಗ ಮೊದಲು ಕೈಹಾಕಬೇಕಾದದ್ದು ಬೇರೆಲ್ಲೂ ಸಿಗದ ಡಿಸ್ಕುಗಳಿಗೆ, ಅಂದರೆ ಕೈಯಾರೆ ಬರೆದವುಗಳಿಗೆ. ಅಂಗಡಿಯಿಂದ ತಂದ ಹಾಡು, ಸಿನಿಮಾಗಳು ಕಾಯಬಲ್ಲವು. ಕಡತಗಳನ್ನು ಎಳೆದು ಹಾಕಿಕೊಳ್ಳುವ ಬದಲು ಇಡೀ ಡಿಸ್ಕಿನ ಐಎಸ್‌ಒ ಪ್ರತಿಬಿಂಬ ಮಾಡಿಕೊಳ್ಳುವುದು ಮೇಲು; ದಿನಾಂಕಗಳು, ಕಡತಕೋಶಗಳ ವಿನ್ಯಾಸ ಎಲ್ಲವೂ ಹಾಗೆಯೇ ಉಳಿಯುತ್ತವೆ. ಆಮೇಲೆ ಅದನ್ನು ತೆರೆದು ಕೊನೆಯ ಕೆಲವು ಕಡತಗಳನ್ನು ನೋಡಿ. ಓದಲು ತಿಣುಕುವ ಡಿಸ್ಕ್ ಸಿಕ್ಕರೆ ಅದನ್ನು ಮತ್ತೆ ಮತ್ತೆ ತುರುಕಿ ದಣಿಸಬೇಡಿ, ಬದಿಗಿಟ್ಟು ಉಳಿದವನ್ನು ಮುಗಿಸಿ. ಆನಂತರ ಮೃದುವಾದ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ, ಬೇರೊಂದು ಡ್ರೈವಿನಲ್ಲಿ ಹಾಕಿ ನೋಡಿ. ಒಂದು ಡ್ರೈವಿಗೆ ಕುರುಡಾದದ್ದು ಇನ್ನೊಂದಕ್ಕೆ ಕಾಣುವುದು ಅಪರೂಪವಲ್ಲ, ಲೇಸರಿನ ಬಲವೂ ಮಸೂರದ ಸ್ಥಿತಿಯೂ ಒಂದೊಂದರಲ್ಲಿ ಒಂದೊಂದು ತರಹ. ಡಿಡಿರೆಸ್ಕ್ಯೂ ಎಂಬ ಮುಕ್ತ ತಂತ್ರಾಂಶ ಓದಲಾಗದ ಜಾಗಗಳನ್ನು ಹಾರಿಕೊಂಡು ಮೊದಲು ಸುಲಭವಾದದ್ದನ್ನು ತೆಗೆದುಕೊಳ್ಳುತ್ತದೆ. ಎಲ್ಲಿ ನಿಂತಿತ್ತು ಎಂಬುದನ್ನು ನೆನಪಿಟ್ಟುಕೊಂಡು ಬೇರೆ ಡ್ರೈವಿನಲ್ಲಿ ಅಲ್ಲಿಂದ ಮುಂದುವರಿಯುತ್ತದೆ. ಹೀಗೆ ಎರಡು ಮೂರು ಡ್ರೈವುಗಳ ಓದನ್ನು ಸೇರಿಸಿ ಒಂದು ಪೂರ್ಣ ಪ್ರತಿ ಕಟ್ಟಬಹುದು.

ಬೇಗ ಬೇಕು ಎಂದು ಆರಂಭದಲ್ಲಿ ಹೇಳಿದ್ದಕ್ಕೆ ಬಣ್ಣ ಮಾಸುವುದು ಒಂದು ಕಾರಣವಾದರೆ, ಓದುವ ಯಂತ್ರ ಮಾಯವಾಗುವುದು ಎರಡನೆಯದು. ಸೋನಿ ಫ್ಲಾಪಿ ಮಾರಾಟವನ್ನು 2011ರಲ್ಲಿ ನಿಲ್ಲಿಸಿತು. ವಿಡಿಯೊ ಕ್ಯಾಸೆಟ್ ಪ್ಲೇಯರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಸಂಸ್ಥೆ 2016ರಲ್ಲಿ ಕೈಬಿಟ್ಟಾಗ ಲೋಕದ ಮನೆಗಳಲ್ಲಿ ಕ್ಯಾಸೆಟ್ಟುಗಳು ಇನ್ನೂ ರಾಶಿ ಬಿದ್ದಿದ್ದವು. ಡಿಸ್ಕಿನ ಹಾದಿಯೂ ಅತ್ತಲೇ ಸಾಗಿದೆ. ನೆಟ್‌ಫ್ಲಿಕ್ಸ್ ತನ್ನ ಅಂಚೆಯ ಡಿವಿಡಿ ಸೇವೆಯನ್ನು 2023ರ ಸೆಪ್ಟೆಂಬರಿನಲ್ಲಿ ಮುಗಿಸಿತು. ಮನೆಯಲ್ಲಿ ಬರೆಯುವ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿತು. ಹೊಸ ಡ್ರೈವುಗಳು ಇಂದು ಸಿಗುತ್ತಿವೆ. ಮುಂದೆ ಸಿಗುವವು ಹೆಚ್ಚಾಗಿ ಹಳೆಯವು. ಅವುಗಳ ರಬ್ಬರ್ ಪಟ್ಟಿ ಸಡಿಲವಾಗಿರುತ್ತದೆ, ಮಸೂರಕ್ಕೆ ಧೂಳು ಹಿಡಿದಿರುತ್ತದೆ, ಲೇಸರ್ ಬಳಲಿರುತ್ತದೆ.

ಎಲ್ಲವನ್ನೂ ಇಳಿಸಿಕೊಂಡ ಮೇಲೆ ಡಿಸ್ಕುಗಳನ್ನು ಎಸೆಯಬೇಕಾಗಿಲ್ಲ. ಕವರಿನಲ್ಲಿ ನೆಟ್ಟಗೆ ನಿಲ್ಲಿಸಿ, ಬೆಳಕು ತೇವ ತಾಗದ ತಂಪಾದ ಜಾಗದಲ್ಲಿಡಿ. ಡ್ರೈವನ್ನೂ ಅದೇ ಪೆಟ್ಟಿಗೆಯಲ್ಲಿಡಿ. ಅದರ ಕೇಬಲನ್ನು ಬೇರೆಯದಕ್ಕೆ ಬಳಸಿಕೊಳ್ಳದೆ ಡ್ರೈವಿನ ಜೊತೆಗೇ ಸುತ್ತಿಡಿ. ಇಂದಿನ ಲ್ಯಾಪ್‌ಟಾಪುಗಳಲ್ಲಿ ಚಪ್ಪಟೆ ಯುಎಸ್‌ಬಿ ಕಿಂಡಿ ಆಗಲೇ ಕಡಿಮೆಯಾಗಿ ಅಂಡಾಕಾರದ ಸಣ್ಣ ಕಿಂಡಿ ಬಂದಿದೆ. ಎರಡನ್ನೂ ಬೆಸೆಯುವ ಪುಟ್ಟ ಅಡಾಪ್ಟರ್ ಒಂದನ್ನೂ ಅದೇ ಪೆಟ್ಟಿಗೆಗೆ ಸೇರಿಸಿ.